ಅಟ್ಟದ ಕೆಳಗಿನ ಹಾಟ್ ರಾಡ್

ದಯಾನಂದನ ಅಭಿಮಾನಕ್ಕೆ ಪೆಟ್ಟು ಬಿದ್ದದ್ದು ಒಬ್ಬಟ್ಟು ತಿನ್ನುವಾಗ. ಭಾಮೈದ ಮಲ್ಲೇಶ್ ತುರುವೇಕೆರೆಯಲ್ಲಿ ಹೊಸ ಮನೆಗೆ ಪಾಯ ಹಾಕಿದ್ದ. ಆ ಸಂತೋಷಕ್ಕೆ ಸಂಪಿಗೆ ಊರಿನ ಹತ್ತಿರದ ಅಕ್ಕನ ಮನೆಗೆ ಹೊಚ್ಚ ಹೊಸ ಕಾರಿನಲ್ಲಿ ಬಂದಿದ್ದ. ಅದು ನೆತ್ತಿಯ ಮೇಲೆ ಕಿಟಕಿ ಇರುವ ಕಾರು. (ಕೈಯಿಂದ ದುಡ್ಡು ಕೊಟ್ಟು ಕಾರಿನ ಸೂರಿಗೆ ತೂತು ಮಾಡಿಸಿಕೊಳ್ಳುವ ಜಾತಿಯವರನ್ನು ದಯಾನಂದ ಅಂದೇ ಮೊದಲು ಕಂಡದ್ದು.)

"ಗೃಹಪ್ರವೇಶಕ್ಕೆ ನಾನೇ ಕಾರು ಕಳಿಸ್ತೀನಿ ಭಾವ," ಎಂದ ಮಲ್ಲೇಶ್, ಒಬ್ಬಟ್ಟಿಗೆ ತುಪ್ಪ ಸುರಿದುಕೊಳ್ಳುತ್ತ. "ನಮ್ಮಕ್ಕನ್ನ ಆ ಮೊಪೆಡ್ ಮೇಲೆ ಮಾತ್ರ ಕರ್ಕೊಂಡು ಬರ್ಬೇಡಿ. ಕಾಯಿ ಮಾರೋಕೆ ಬಂದವ್ರೆ ಅಂದ್ಕಂಡು ಯಾರಾದ್ರೂ ರೇಟು ಕೇಳ್ಬುಟ್ಟಾರು."

ಎಲ್ಲರೂ ನಕ್ಕರು. ಹೆಂಡತಿ ದಾನೇಶ್ವರಿಯೂ ನಕ್ಕಳು. ಉಳಿದವರ ನಗುವನ್ನು ದಯಾನಂದ ಹೇಗೋ ನುಂಗಿಕೊಳ್ಳುತ್ತಿದ್ದ. ಅವಳದು ಮಾತ್ರ ಗಂಟಲಲ್ಲೇ ಸಿಕ್ಕಿಹಾಕಿಕೊಂಡಿತು.

"ಏನೂ ಬೇಕಾಗಿಲ್ಲ ಕಣಪ್ಪ! ನಿಮ್ಮಕ್ಕ ಬರೋದು ನನ್ನ ಕಾರಲ್ಲೇ. ಅದೂ ಮುಂದಿನ ಸೀಟಲ್ಲಿ ಕೂತ್ಕಂಡು!"

ಈ ಘೋಷಣೆ ಹೊರಬಿದ್ದಾಗ ಅವನ ಬಳಿ ಕಾರಿರಲಿಲ್ಲ ಎನ್ನುವುದೊಂದೇ ಸಣ್ಣ ತೊಡಕು.

ಕಾರಿರಲಿಲ್ಲ ಎಂದರೆ ಪೂರ್ತಿ ನಿಜವೂ ಅಲ್ಲ. ಹಿತ್ತಿಲ ಕೊಬ್ಬರಿ ಶೆಡ್ಡಿನಲ್ಲಿ ಅವನ ಅಪ್ಪನ ಕಾಲದ ಅಂಬಾಸಿಡರ್ ನಿಂತಿತ್ತು. ಶೆಡ್ಡಿನ ಮೇಲುಭಾಗ ಅಟ್ಟ. ಸಿಪ್ಪೆ ಸಮೇತ ಕಾಯಿಯನ್ನು ಅಲ್ಲಿಗೆ ಏರಿಸಿದರೆ, ಒಳಗಿನ ನೀರು ಹಿಂಗಿ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ. ಅಟ್ಟದ ಕೆಳಗಿನ ಖಾಲಿ ಜಾಗದಲ್ಲಿ ಈ ಕಾರು. ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ತಲೆತಲಾಂತರದಿಂದ ಮೊಟ್ಟೆಯಿಟ್ಟುಕೊಂಡು ಬಂದಿದ್ದವು.

ಅವತ್ತೇ ಫೋನಿನಲ್ಲಿ ಅವನಿಗೆ ಒಂದು ವಿಡಿಯೋ ಸಿಕ್ಕಿತು. ಅಮೆರಿಕದ ಗಡ್ಡದವನೊಬ್ಬ ತುಕ್ಕು ಹಿಡಿದ ಕಾರನ್ನು ಮನೆಯ ಶೆಡ್ಡಿನಲ್ಲೇ ಕೊಯ್ದು ಬೆಸೆದು ಬೆಂಕಿಯಂಥ ಗಾಡಿ ಮಾಡಿ ಎಬ್ಬಿಸಿದ್ದ. ದಯಾನಂದನಿಗೆ ಜ್ಞಾನೋದಯವಾಯಿತು.

"ಹಾಟ್ ರಾಡ್ ಅಂತಾರೆ ಕಣೇ ಇದನ್ನ. ಹಳೇ ಕಾರಿನ ತಲೆ ಕೊಯ್ದು ತಗ್ಗಿಸೋದು, ದೊಡ್ಡ ಎಂಜಿನ್ ಕೂರ್ಸೋದು, ಹಿಂದಕ್ಕೆ ದಪ್ಪ ಚಕ್ರ ಹಾಕೋದು."

"ಅವರ ಹೆಂಡ್ತೀರು ಸುಮ್ನಿರ್ತಾರಾ?"

"ವಿಡಿಯೋದಲ್ಲಿ ಹೆಂಡ್ತೀರು ಕಾಣ್ಸಲ್ಲ."

"ತವರಿಗೆ ಹೋಗಿರ್ತಾರೆ ಬುಡಿ," ಎಂದಳು ದಾನೇಶ್ವರಿ. ಆದರೂ ತಡೆಯಲಿಲ್ಲ. ಮುಂದಿನ ಸೀಟಿನ ಮಾತು ಅವಳ ಮನಸ್ಸಿನ ಯಾವುದೋ ಮೂಲೆಯಲ್ಲಿ ಕುಳಿತಿತ್ತು. "ಒಂದೇ ಮಾತು. ಕೆಳಗಿನ ನೆಲ ನಿಮ್ದು, ಮೇಲಿನ ಅಟ್ಟ ನಂದು. ನನ್ನ ಕಾಯಿ ತಂಟೆಗೆ ಮಾತ್ರ ಬರ್ಬೇಡಿ."

ಆ ಮನೆಯಲ್ಲಿ ತೋಟ ಗಂಡನ ಹೆಸರಿನಲ್ಲಿದ್ದರೂ ಅಟ್ಟದ ಮೇಲೆ ಅವಳದೇ ಏಕಚಕ್ರಾಧಿಪತ್ಯ. ದಯಾನಂದ ತಲೆಯಾಡಿಸಿದ.

ಹುಳಿಯಾರಿನ ಕಡೆ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಹಳೆಯ ಸಹಪಾಠಿ ಜುಂಜೇಶ್ ಬಂದ. ಅವನು ಅಲ್ಲಿಯವರೆಗೆ ಮಾಡಿದ್ದೆಲ್ಲ ಟ್ರ್ಯಾಕ್ಟರ್ ಟ್ರೇಲರ್‌ಗಳೇ. ಹಾಗಾಗಿ ಅವನ ಕೈ ಬಿದ್ದದ್ದೆಲ್ಲ ಕೊಂಚ ಟ್ರೇಲರ್‌ನಂತೆಯೇ ಆಗುತ್ತಿತ್ತು. ಮೊದಲು ಕಾರಿನ ತಲೆ ಕೊಯ್ದು ಒಂದು ಗೇಣು ತಗ್ಗಿಸಿದರು. ಈಗ ದಯಾನಂದನ ತಲೆ ಹಿಡಿಸಲಿಲ್ಲ. ಸ್ಟೀರಿಂಗ್ ಕಡೆಯ ಸೀಟು ಕಿತ್ತು, ನೆಲಕ್ಕೇ ತೆಂಗಿನ ನಾರಿನ ದಿಂಬು ಹಾಕಿದರು. ಗುಜರಿಯಿಂದ ತಂದ ಸರಕು ಗಾಡಿಯ ಎಂಜಿನ್ ಕೂರಿಸಿದ ಮೇಲೆ ಬಾನೆಟ್ ಮುಚ್ಚಲಿಲ್ಲ. ಹಾಟ್ ರಾಡ್‌ಗೆ ಬಾನೆಟ್ ಇರಲೇಬಾರದು ಎಂಬ ಜಾಗತಿಕ ನಿಯಮ ಇಬ್ಬರಿಗೂ ಆ ಕ್ಷಣದಲ್ಲೇ ಹೊಳೆಯಿತು. ಹೊಗೆ ಹೋಗಲು ಎರಡೂ ಪಕ್ಕಕ್ಕೆ ಬೋರ್‌ವೆಲ್ಲಿನ ಹಳೇ ಪೈಪು. ಕೋಳಿಗಳು ಪ್ರತಿಭಟಿಸಿ ಸೌದೆ ರಾಶಿಗೆ ವಲಸೆ ಹೋದವು.

ಲಾರಿಗೆ ಬಣ್ಣ ಬಳಿಯುವವನನ್ನು ಕರೆಸಿ, ಎರಡೂ ಬಾಗಿಲಿಗೆ ಧಗಧಗಿಸುವ ಜ್ವಾಲೆ ಬರೆಸಿದ. ದಾನೇಶ್ವರಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ದಾಸವಾಳ ಚೆನ್ನಾಗಿ ಬಂದೈತೆ."

"ಅದು ಬೆಂಕಿ ಕಣೇ!"

"ಹೌದಾ? ಹಂಗಾದ್ರೆ ಎಲೆ ಯಾಕೆ ಬರ್ದವ್ನೆ?"

ಆದರೂ ಮೊದಲ ಸಲ ಎಂಜಿನ್ ಹತ್ತಿದ ದಿನ ಅವಳೂ ಬೆಚ್ಚಿಬಿದ್ದಳು. ಆ ಗುಡುಗಿಗೆ ಪಕ್ಕದ ಮನೆಯ ರಂಗಕ್ಕ ಕೊಡ ಹಿಡಿದುಕೊಂಡೇ ಓಡಿ ಬಂದಳು. "ಎಲ್ಲಿ ಕಣಮ್ಮ ಬೋರು ಕೊರೀತಿರೋದು? ನೀರು ಬಿತ್ತಾ?" ದಯಾನಂದನ ಕಣ್ಣಲ್ಲಿ ಮಾತ್ರ ಆನಂದಬಾಷ್ಪ. ತನ್ನ ಕೈಯಿಂದ ಏನೋ ಒಂದು ಆಯಿತು ಎಂದು ಅವನಿಗೆ ಅನ್ನಿಸಿದ್ದೇ ಅಪರೂಪ. ಸುಖವಾಗಿತ್ತು.

ಗೃಹಪ್ರವೇಶ ಹತ್ತಿರವಾದಾಗಲೇ ಕಾಯಿ ಕೀಳಿಸುವ ಕಾಲವೂ ಬಂತು. ಹಳೇ ಕೊಬ್ಬರಿ ಇಳಿಸಿ ಖಾಲಿಯಾಗಿದ್ದ ಅಟ್ಟಕ್ಕೆ ದಾನೇಶ್ವರಿ ಆಳುಗಳನ್ನು ಹಚ್ಚಿ ಹಸಿ ಕಾಯಿ ಏರಿಸಿದಳು. ಕಾಯಿ ಏರಿದಂತೆಲ್ಲ ಅಟ್ಟದ ತೊಲೆಗಳು ನರಳತೊಡಗಿದವು. ಕೆಳಗೆ ನಿಂತ ದಯಾನಂದನ ಎದೆಯೂ ನರಳಿತು. ಒಂದೇ ಒಂದು ಕಾಯಿ ಜಾರಿ ಬಿದ್ದರೆ ತನ್ನ ಬೆಂಕಿಯ ಗತಿ? ಅಟ್ಟವೇ ಕುಸಿದರೆ?

ತಕ್ಷಣ ತೆಂಗಿನ ಮರದ ಕಂಬಗಳನ್ನು ತರಿಸಿದ. ಕಾರಿನ ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ಒತ್ತೊತ್ತಾಗಿ ಅಟ್ಟಕ್ಕೆ ಆಸರೆ ಕೊಡಿಸಿದ. ಹೆತ್ತ ಮಗುವಿಗೂ ಯಾರೂ ಇಷ್ಟು ಕಾವಲು ಹಾಕಿಸಿರಲಾರರು.

"ಯೋಚ್ನೆ ಮಾಡಿ ಹಾಕಿಸ್ತಿದೀರಾ?" ಎಂದು ಅಟ್ಟದ ಮೇಲಿಂದ ಬಗ್ಗಿ ಕೇಳಿದಳು ದಾನೇಶ್ವರಿ.

"ಇದು ಎಂಜಿನಿಯರಿಂಗ್ ವಿಷ್ಯ. ಹೋಗೋ ದಿನ ಮುಂದಿನ ಎರಡು ಕಂಬ ಎಳೆದ್ರಾಯ್ತು. ನೀ ನಿನ್ನ ಕಾಯಿ ನೋಡ್ಕೊ."

ಅವಳು ತನ್ನ ಕಾಯಿ ನೋಡಿಕೊಂಡಳು.

ಗೃಹಪ್ರವೇಶದ ಬೆಳಗ್ಗೆ ದಯಾನಂದ ಪಂಚೆಯುಟ್ಟು, ಕಪ್ಪು ಕನ್ನಡಕ ಏರಿಸಿ, ಜುಂಜೇಶನೊಡನೆ ಶೆಡ್ಡಿಗೆ ಬಂದ. ಮುಂದಿನ ಕಂಬ ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಲಿಲ್ಲ. ಇಬ್ಬರೂ ತಬ್ಬಿ ಎಳೆದರು. ಊಹೂಂ. ಜುಂಜೇಶ್ ದೊಡ್ಡ ಸುತ್ತಿಗೆಯಿಂದ ಒಂದೇಟು ಕೊಟ್ಟ. ಅಟ್ಟವಿಡೀ "ಕಿರ್ರ್" ಎಂದಿತು.

"ದಯಣ್ಣ, ನಂಗ್ಯಾಕೋ ಬಾಯಿ ಒಣಗ್ತಾ ಐತೆ," ಎಂದು ಜುಂಜೇಶ್ ಸುತ್ತಿಗೆ ಕೆಳಗಿಟ್ಟ.

ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ದಾನೇಶ್ವರಿ ಓಡಿ ಬಂದಳು. "ನಿಲ್ಸ್ರೀ! ಹಸಿ ಕಾಯಿ ಭಾರಕ್ಕೆ ಅಟ್ಟ ಪೂರ್ತಿ ಬಗ್ಗಿ ಕಂಬದ ಮೇಲೆ ಕೂತೈತೆ. ಒಂದು ಕಂಬ ತೆಗೆದ್ರೂ ಎಲ್ಲಾ ನಿಮ್ಮ ನೆತ್ತಿ ಮೇಲೇ ಬರೋದು!"

"ಅಲ್ಲ ಕಣೇ, ಒಂದು ಗಳಿಗೆ ಕಾಯಿ ಕೆಳಗಿಳಿಸ್ಬುಟ್ರೆ..."

ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವನ ಬಾಯಲ್ಲಿ ಇಂಥ ಮಾತು! ಜುಂಜೇಶನೇ ನಾಚಿಕೆಯಿಂದ ಅತ್ತ ತಿರುಗಿಕೊಂಡ.

"ಮಲಗ್ಸಿದ ಕಾಯಿನ ಇಳಿಸ್ತಾರಂತೆ! ಅಲುಗಾಡಿದ್ರೆ ಒಳಗೇ ಕೆಟ್ಟೋಯ್ತದೆ ಅಂತ ನಮ್ಮ ಮನೆ ಹಸುಗೂ ಗೊತ್ತು ಕಣ್ರೀ."

"ಹಂಗಾದ್ರೆ ನನ್ನ ಕಾರು ಆಚೆ ಬರೋದು ಯಾವಾಗ?"

"ನೀರು ಹಿಂಗಿ ಕೊಬ್ಬರಿ ಆದ್ಮೇಲೆ. ಅಟ್ಟ ಹಗುರಾಗಿ ಕಂಬ ತಾನಾಗೇ ಸಡಿಲಾಯ್ತವೆ. ಮುಂದಿನ್ವರ್ಷ."

ದಯಾನಂದ ಕಪ್ಪು ಕನ್ನಡಕ ತೆಗೆಯಲಿಲ್ಲ. ತನ್ನ ಕಣ್ಣು ಯಾರಿಗೂ ಕಾಣುವುದು ಬೇಡವಾಗಿತ್ತು.

ತುರುವೇಕೆರೆಗೆ ಬಸ್ಸಿನಲ್ಲಿ ಹೋದರು. ದಾರಿಯುದ್ದಕ್ಕೂ ಅವನು ಮಲ್ಲೇಶನ ನಗುವನ್ನೇ ಕಲ್ಪಿಸಿಕೊಂಡು ಬೆವರಿದ. ಅಂದುಕೊಂಡಂತೆಯೇ, ಚಪ್ಪರದ ಬಾಗಿಲಲ್ಲೇ ಮಲ್ಲೇಶ್ ಇವರ ಹಿಂದೆ ಮುಂದೆ ಇಣುಕಿ ನೋಡಿದ.

"ಎಲ್ಲಿ ಭಾವ, ಕಾರು?"

ದಯಾನಂದ ಕಪ್ಪು ಕನ್ನಡಕವನ್ನು ಮೂಗಿಗೆ ಒತ್ತಿಕೊಂಡ. ಅಷ್ಟರಲ್ಲಿ ದಾನೇಶ್ವರಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಅವರೇನೋ ತರ್ತೀನಿ ಅಂದ್ರು ಕಣ್ಲಾ. ನಾನೇ ಬ್ಯಾಡ ಅಂದೆ. ಆ ಗಾಡಿ ಬಂದು ಇಲ್ಲಿ ನಿಂತ್ರೆ ನಿನ್ನ ಮನೆ ಯಾರು ನೋಡ್ತಾರೆ, ನಿನ್ನ ಕಾರು ಯಾರು ನೋಡ್ತಾರೆ? ಒಳ್ಳೇ ದಿನ ನಿಂಗೆ ಬ್ಯಾಸರ ಆಗ್ಬಾರ್ದು ಅಂತ."

ಮದುವೆಯಾಗಿ ಇಷ್ಟು ವರ್ಷದಲ್ಲಿ ದಯಾನಂದನಿಗೆ ಹೆಂಡತಿಯ ಮೇಲೆ ಇಷ್ಟೊಂದು ಪ್ರೀತಿ ಒಮ್ಮೆಲೇ ಉಕ್ಕಿದ್ದಿಲ್ಲ. ಅವಳ ಎಲೆಗೆ ತನ್ನ ಪಾಲಿನ ಜಾಮೂನನ್ನೂ ಹಾಕಿದ. ಎದೆ ಉಬ್ಬಿಸಿ, ಪಕ್ಕದವರಿಗೆ ಎಂಜಿನ್ನಿನ ಗುಡುಗನ್ನು ವರ್ಣಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬೆಂಕಿಯ ಚಿತ್ರವನ್ನೂ, ದಪ್ಪ ಚಕ್ರವನ್ನೂ, ಅಮೆರಿಕವನ್ನೂ ವರ್ಣಿಸಿದ. ಆ ಸಾಲಿನಲ್ಲಿ ಪಲ್ಯಕ್ಕೆ ಕೈ ಹಾಕಿದವರೇ ಇಲ್ಲ.

ಊಟ ಮುಗಿಯುವ ಹೊತ್ತಿಗೆ ಮಲ್ಲೇಶನಿಗೆ ಹೊಸ ಮನೆಯಲ್ಲಿ ನಿಲ್ಲಲಾಗಲಿಲ್ಲ. "ಹಂಗಾದ್ರೆ ಈಗ್ಲೇ ನೋಡ್ಬುಡಾನ ನಡೀರಿ!" ಎಂದು ಎದ್ದ. ಅವನ ಹಿಂದೆ ಊಟ ಮಾಡಿದವರೆಲ್ಲ ಎದ್ದರು. ಕಾರು, ಆಟೋ, ಬೈಕುಗಳ ದಂಡು ಸಂಪಿಗೆಯ ದಾರಿ ಹಿಡಿಯಿತು. ದಯಾನಂದ ಮಲ್ಲೇಶನ ಕಾರಿನಲ್ಲೇ, ತೂತಿನ ಕೆಳಗೆ, ಆಕಾಶ ನೋಡಿಕೊಂಡು ಕುಳಿತಿದ್ದ.

ಶೆಡ್ಡಿನ ಬಾಗಿಲು ತೆರೆಯಿತು. ಕಂಬಗಳ ನಡುವೆ, ಕೊಟ್ಟಿಗೆಯಲ್ಲಿ ಕೂಡಿಹಾಕಿದ ಹೋರಿಯಂತೆ, ಹಾಟ್ ರಾಡ್ ನಿಂತಿತ್ತು. ಮಲ್ಲೇಶ್ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದ. ಕಂಬಗಳನ್ನು ಮುಟ್ಟಿ ನೋಡಿದ. ಅಟ್ಟ ನೋಡಿದ.

"ಭಾವ, ಒಂದೇ ಒಂದು ಡೌಟು. ಕಾರು ಇಟ್ಟು ಶೆಡ್ಡು ಕಟ್ಟಿದ್ರಾ, ಶೆಡ್ಡು ಕಟ್ಟಿ ಕಾರು ತೂರ್ಸಿದ್ರಾ?"

ಚಪ್ಪರದಿಂದ ಬಂದ ದಂಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ದಯಾನಂದ ನೆಲ ನೋಡುತ್ತ ನಿಂತ. ಆಗ ದಾನೇಶ್ವರಿ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು, ಕಂಬಗಳ ಸಂದಿಯಲ್ಲಿ ನುಸುಳಿ, ಅರ್ಧ ಮಾತ್ರ ತೆರೆದ ಬಾಗಿಲಲ್ಲಿ ತೂರಿ, ಮುಂದಿನ ಸೀಟಿನಲ್ಲಿ ಕುಳಿತಳು. ಕುಳಿತು, ಮಲ್ಲಿಗೆ ಸರಿಮಾಡಿಕೊಂಡಳು.

"ಬನ್ರಿ, ಕೂತ್ಕಳಿ," ಎಂದಳು ಗಂಡನಿಗೆ.

ಅವನು ಆ ಕಡೆಯಿಂದ ನುಸುಳಿ ನಾರಿನ ದಿಂಬಿನ ಮೇಲೆ ಕುಳಿತ. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದ. ನಗು ನಿಧಾನವಾಗಿ ನಿಂತಿತು.

"ಹೋಗ್ಲಿ ಭಾವ, ಸೌಂಡಾದ್ರೂ ಕೇಳ್ಸಿ," ಎಂದ ಮಲ್ಲೇಶ್. ಈ ಸಲ ಅವನ ದನಿಯಲ್ಲಿ ನಿಜವಾದ ಆಸೆಯಿತ್ತು. "ಗುಡುಗ್ದಂಗೆ ಅಂತಿದ್ರಲ್ಲ."

ದಯಾನಂದನ ಮುಖ ಅರಳಿತು. ಕೈ ಕೀಲಿಗೆ ಹೋಯಿತು. ಕೀಲಿ ಇರಲಿಲ್ಲ.

"ನನ್ನತ್ರ ಐತೆ," ಎಂದಳು ದಾನೇಶ್ವರಿ ಮೆಲ್ಲಗೆ. "ಎಂಜಿನ್ ನಡುಗಿದ್ರೆ ಅಟ್ಟ ನಡುಗ್ತದೆ. ಕೊಬ್ಬರಿ ಆಗೋವರ್ಗೂ ಇದು ಚಾಲೂ ಆಗಂಗಿಲ್ಲ."

ಎದುರಿಗೆ ಜನ ಕಿವಿ ನಿಮಿರಿಸಿ ಕಾಯುತ್ತಿದ್ದರು. ದಯಾನಂದ ಒಮ್ಮೆ ಅಟ್ಟ ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ. ಆಮೇಲೆ ಉಸಿರೆಳೆದು, ಗೇರು ಹಾಕಿ, ಕೆನ್ನೆ ಉಬ್ಬಿಸಿ, ಬಾಯಲ್ಲೇ ಶುರುಮಾಡಿದ: "ಡುಗು ಡುಗು ಡುಗು ಡುರ್ರ್ರ್..."

ದಾನೇಶ್ವರಿ ಅವನ ಮೊಣಕೈ ಮುಟ್ಟಿದಳು.

"ಮೆಲ್ಲಗೆ ಕಣ್ರೀ. ಕಾಯಿ ಅಲುಗಾಡ್ತವೆ."