ಸೋದರಮಾವನ ಮೋಟಾರು ಮೆರವಣಿಗೆ

ಮೋಟಾರು ರಿಪೇರಿ ಎಂದರೆ ಏನು ಮಹಾ ವಿದ್ಯೆ? ಬಾನೆಟ್ಟು ಎತ್ತುವುದು, ಹುಬ್ಬು ಗಂಟಿಕ್ಕುವುದು, ಎರಡು ತಂತಿ ಅಲ್ಲಾಡಿಸುವುದು. ಇಷ್ಟೂ ನನಗೆ ಬರುತ್ತಿತ್ತು. ಆದ್ದರಿಂದಲೇ, ಯುದ್ಧದ ಕಾಲದಲ್ಲಿ ಪೆಟ್ರೋಲನ್ನು ಕೂಪನ್ನಿನ ಮೇಲೆ ಅಳೆದು ಕೊಡುತ್ತಿದ್ದಾಗ, ಬುದ್ಧಿವಂತರೆಲ್ಲ ಕಾರು ಮಾರುತ್ತಿದ್ದಾಗ, ಮಂಡ್ಯದಲ್ಲಿ ಬೆಲ್ಲದ ಮಂಡಿ ಇಟ್ಟುಕೊಂಡಿದ್ದ ನಾನು ಒಂದು ಹಳೆಯ ಕಾರು ಕೊಂಡೆ!

ಕೊಂಡವನು ಸುಮ್ಮನಿರಬೇಕಲ್ಲ. ಮಳವಳ್ಳಿಯಲ್ಲಿ ಅಕ್ಕನ ಮಗಳು ಗೌರಿಯ ಮದುವೆ. "ಎತ್ತಿನ ಗಾಡೀಲಿ ಯಾಕವ್ವಾ ಮೆರವಣ್ಗೆ? ನಿನ್ ಸೋದರ್ಮಾವ ಬದ್ಕಿಲ್ವಾ? ಮೋಟಾರಲ್ಲಿ ಊರೆಲ್ಲ ಸುತ್ತುಸ್ತೀನಿ" ಎಂದು ಮಾತು ಕೊಟ್ಟುಬಿಟ್ಟೆ. ಅವಳು ಅದನ್ನು ಬೀದಿಯ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಳು. ಗಂಡಿನವರು ಗೊತ್ತುಮಾಡಿದ್ದ ಗಾಡಿಯನ್ನು ಬೇಡವೆಂದರು.

ಮದುವೆಯ ದಿನ ಬೆಳಕು ಹರಿಯುತ್ತಲೇ ನಾನೂ ನನ್ನ ಹೆಂಡತಿ ಜಯಮ್ಮನೂ ಹೊರಟೆವು. ಮದ್ದೂರಿನವರೆಗೆ ಕಾರು ಒಂದು ಸಲವೂ ಕೆಮ್ಮಲಿಲ್ಲ. ಅಲ್ಲಿ ಕಾಫಿಗೆ ನಿಲ್ಲಿಸಿದೆವು. ಕುಡಿದು ಬಂದು ಹ್ಯಾಂಡಲು ಸುತ್ತಿದೆ. ಹೊರಟಿತು. ಹತ್ತು ಮಾರು ಹೋಗಿ ಗೊರ್ ಎಂದು ನಿಂತಿತು. ಮತ್ತೆ ಸುತ್ತಿದೆ. ಮತ್ತೆ ಹೊರಟಿತು, ಮತ್ತೆ ನಿಂತಿತು.

ನಾನು ಶಾಸ್ತ್ರೋಕ್ತವಾಗಿ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಹೊಸ ಪಂಚೆಯ ತುದಿಯಲ್ಲಿ ಒರೆಸಿ, ಅರ್ಧ ಗಂಟೆ ಬೆವರಿ, ಮತ್ತೆ ಹಾಕಿದೆ. ಕಾರು ಹೊರಟೇಬಿಟ್ಟಿತು! "ಪ್ಲಗ್ಗು ಕಣೇ!" ಎಂದೆ ಗಂಭೀರವಾಗಿ.

ದೊಡ್ಡಿಯ ಬಳಿ ನನ್ನ ಭಾವಮೈದ ಚಿಕ್ಕಣ್ಣ ರಸ್ತೆಗೆ ಅಡ್ಡ ನಿಂತಿದ್ದ. "ಮನೆ ಮುಂದ್ಲಿಂದ ಅಂಗೇ ಓದೀಯಾ ಬಾವ? ಪಾನ್ಕ ಕುಡ್ದು ಓಗು!" ಕುಡಿದೆ. ಹ್ಯಾಂಡಲು ಸುತ್ತಿದೆ. ಹತ್ತು ಮಾರು, ಗೊರ್! ಈ ಸಲ ಐದೇ ನಿಮಿಷದಲ್ಲಿ ಪ್ಲಗ್ಗು ಒರೆಸಿದೆ. ಜಪ್ಪಯ್ಯ ಅನ್ನಲಿಲ್ಲ.

"ದೃಷ್ಟಿ ಕನ್ ಬಾವ, ದೃಷ್ಟಿ!" ಎಂದು ಚಿಕ್ಕಣ್ಣ ತೋಟಕ್ಕೆ ಹೋಗಿ, ನಿಂಬೆಹಣ್ಣು ಕಿತ್ತು, ಬರುವ ದಾರಿಯಲ್ಲಿ ಇಬ್ಬರನ್ನು ಮಾತಾಡಿಸಿ, ಅರ್ಧ ಗಂಟೆಗೆ ಬಂದ. ಹಣ್ಣನ್ನು ಚಕ್ರದ ಕೆಳಗಿಟ್ಟೆವು. ಕಾರು ಹೊರಟಿತು! ನನಗೆ ತಲೆ ಕೆಟ್ಟಿತು. ಹಾಗಾದರೆ ಪ್ಲಗ್ಗಲ್ಲವೆ? ನಿಂಬೆಹಣ್ಣೆ? ನಿಂಬೆಹಣ್ಣಿಗೂ ಇಂಜಿನ್ನಿಗೂ ಏನು ನಂಟು?

"ಒಂದ್ ಮಾತೇಳ್ಲಾ?" ಎಂದಳು ಜಯಮ್ಮ. "ಓಯ್ತಾ ಓಯ್ತಾ ಇದು ಒಂದ್ಸಲಾನೂ ಕೆಟ್ಟಿಲ್ಲ. ನಿಲ್ಸಿ, ಬಿಸೀಲೇ ಮತ್ತೆ ಒಂಡ್ಸುದ್ರೆ ತಾನೇ ಈ ಗೋಳು? ಆರೋಗಂಟ ಸುಮ್ಕೆ ಕೂತಿದ್ರೆ ಆಯ್ತದೆ."

ನನಗೆ ಜ್ಞಾನೋದಯವಾಯಿತು. ಆದರೆ ಅರ್ಧ ಮಾತಿಗೇ ಆಯಿತು. ನಿಲ್ಲಿಸಿದರೆ ತಾನೇ ಈ ಗೋಳು? ನಿಲ್ಲಿಸುವುದೇ ಬೇಡ!

ಮಳವಳ್ಳಿ ತಲುಪಿ, ಚಪ್ಪರದ ಮುಂದೆ ಗುಡುಗುಡು ಎನ್ನುತ್ತಿದ್ದ ಕಾರಿನಲ್ಲೇ ಕುಳಿತೆ. ಹೊತ್ತು ಏರಿತು. ಅಕ್ಕ ಓಡಿಬಂದಳು. "ಏನ್ಲಾ, ಎಣ್ಣ ಮಂಟಪಕ್ಕೆ ಕರ್ಕಬರೋನು ನೀನು! ಇಲ್ಲಿ ಈ ಲಟಾರಿ ಗಾಡಿ ಕಾಯ್ಕಂಡು ಕುಂತಿದ್ದೀಯಾ?" ವಿಧಿಯಿಲ್ಲದೆ ಇಂಜಿನ್ನನ್ನು ಅದರ ಪಾಡಿಗೆ ಬಿಟ್ಟು ಇಳಿದೆ. ಗೌರಿಯನ್ನು ಮಂಟಪಕ್ಕೆ ಕರೆತಂದೆ. ಆದರೆ ಕಿವಿ ಮಾತ್ರ ಹೊರಗೇ ಇತ್ತು.

ತಾಳಿ ಕಟ್ಟುವ ಹೊತ್ತಿಗೆ ವಾಲಗದವರು ಗಟ್ಟಿಮೇಳ ಎತ್ತಿದರು. ಅಯ್ಯೋ, ಇಂಜಿನ್ನಿನ ಸದ್ದೇ ಇಲ್ಲ! ನಿಂತುಹೋಯಿತೋ ಏನೋ! ನನಗರಿವಿಲ್ಲದೆ ಕೈಯೆತ್ತಿ "ನಿಲ್ಸಿ!" ಎಂದು ಕಿರುಚಿದೆ.

ವಾಲಗ ನಿಂತಿತು. ತಾಳಿ ಹಿಡಿದ ಗಂಡಿನ ಕೈಯೂ ನಿಂತಿತು. ಹೆಣ್ಣಿನ ಸೋದರಮಾವನೇ ಮದುವೆ ತಡೆದನೆಂದು ಗಂಡಿನ ತಂದೆ ಎದ್ದು ನಿಂತರು. ಅಕ್ಕ ಎದೆ ಹಿಡಿದುಕೊಂಡಳು. ಆಗ ಹೊರಗಿನಿಂದ ಗುಡುಗುಡು ಕೇಳಿಸಿತು.

"ಏನಿಲ್ಲ, ಕಟ್ಲಿ" ಎಂದೆ.

ಊಟವೆಲ್ಲ ಮುಗಿದ ಮೇಲೆ ಕಾರಿಗೆ ಮಲ್ಲಿಗೆ ಹಾರ ಹಾಕಿ, ಗಂಡು ಹೆಣ್ಣನ್ನು ಕೂರಿಸಿದರು. ಗೌರಿ ಗೆಳತಿಯರ ಕಡೆ ನೋಡಿ ನಕ್ಕಳು. ನಾನು ಮೀಸೆ ತೀಡಿ ಗೇರು ಹಾಕಿದೆ. ಕಾರು ಎಂಟು ಮಾರು ಹೋಯಿತು. ಆಮೇಲೆ ಸದ್ದಿಲ್ಲ!

ನಿಲ್ಲಿಸಿಯೇ ಇಲ್ಲವಲ್ಲ! ಹಾಗಾದರೆ ಇದು ಯಾವ ನ್ಯಾಯ? ಪ್ಲಗ್ಗು ಒರೆಸಿದೆ. ನಿಂಬೆಹಣ್ಣು ಇಟ್ಟೆ. ಕೊನೆಗೆ ಜಯಮ್ಮನ ಮಾತಿನಂತೆ ಅರ್ಧ ಗಂಟೆ ಆರಲು ಬಿಟ್ಟೆ. ಬಿಸಿಲಲ್ಲಿ ಊರೇ ನಿಂತು ನೋಡುತ್ತಿತ್ತು. ಗೌರಿ ತಲೆ ತಗ್ಗಿಸಿ ಕುಳಿತಿದ್ದಳು.

ಜಯಮ್ಮ ಚಪ್ಪರದಿಂದ ಒಂದು ಕಡ್ಡಿ ಮುರಿದು, ಪೆಟ್ರೋಲಿನ ಟ್ಯಾಂಕಿಗೆ ಇಳಿಬಿಟ್ಟು ತೆಗೆದಳು. ಕಡ್ಡಿ ಹೇಗೆ ಹೋಗಿತ್ತೋ ಹಾಗೇ, ಒಂದು ಹನಿಯೂ ಅಂಟದೆ, ಮೇಲೆ ಬಂತು. ನಾಲ್ಕು ಗಂಟೆ ನಿಂತಲ್ಲೇ ಗುಡುಗುಡು ಎಂದು, ತಿಂಗಳ ಕೂಪನ್ನನ್ನೆಲ್ಲ ಕಾರು ಕುಡಿದುಹಾಕಿತ್ತು!

ಗುಂಪಿನಲ್ಲಿದ್ದ ಮುದುಕಿಯೊಬ್ಬಳು ಮಲ್ಲಿಗೆ ಹಾರ ಮುಟ್ಟಿ ನೋಡಿ, "ಒಟ್ಟೆಗಿಟ್ಟಿಲ್ದಿದ್ರೂ ಜುಟ್ಟಿಗ್ ಮಲ್ಗೆ ಊವ!" ಎಂದಳು.

ಗೌರಿಯ ಕಣ್ಣು ತುಂಬಿತ್ತು. ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಅವಳು ಕಣ್ಣೊರೆಸಿಕೊಂಡು, ನೆರಿಗೆ ಎತ್ತಿ ಹಿಡಿದು ಇಳಿದಳು. "ನಡ್ಕಂಡೇ ಓಯ್ತೀವಿ ಬುಡು ಮಾವ" ಎಂದಳು. ಗಂಡೂ ಇಳಿದ. ವಾಲಗದವರು ಮುಂದೆ, ಊರು ಹಿಂದೆ. ಎಲ್ಲರೂ ಹೊರಟರು. ಜಯಮ್ಮ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದಳು.

"ನೀವು ಬರಾಕಿಲ್ವಾ?"

"ಕಾರು ಬಿಟ್ಟು ಎಂಗೆ ಬರ್ಲೇ?"

"ಬನ್ನಿ, ಬನ್ನಿ. ಅದೆಲ್ಲಿಗ್ ಓದಾತು!"