ಒಂದು ಗಂಟೆ ಸಂಗಮೇಶ

ಎಲ್ಲದಕ್ಕೂ ಮೂಲ ಯುವಕ ಸಂಘದ ಸ್ಟಾಪ್‌ವಾಚಿನ ಸೆಲ್ಲು. ಓಟ ಇನ್ನೇನು ಶುರುವಾಗಬೇಕು ಎನ್ನುವಾಗ ಅದು ಸತ್ತಿತು. ಸಂಘದ ಕಾರ್ಯದರ್ಶಿ ಓಂಕಾರಮೂರ್ತಿ ವಾಚನ್ನು ಅಂಗೈಗೆ ಬಡಿದ, ಕಿವಿಗಿಟ್ಟು ಆಲಿಸಿದ, ಕೊನೆಗೆ ಸಂಗಮೇಶನ ಮಣಿಕಟ್ಟಿನ ಮೇಲೆ ಕಣ್ಣು ನೆಟ್ಟ.

“ಲೇ, ನಿನ್ ವಾಚ್ ಕೊಡೋ ಇಲ್ಲಿ.”

“ಆಗಲ್ಲ ಕಣಲೇ. ಭಾಮೈದ ದುಬೈನಿಂದ ತಂದಿದ್ದು. ಕಳ್ದು ಬಂದ್ರೆ ಮನೆ ಒಳಗೆ ಬರ್ಬೇಡ ಅಂದವ್ಳೆ ಮಂಜುಳಾ.”

“ನಿನ್ ಟೈಮು ನೀನೇ ನೋಡ್ಕಂಡ್ರೆ ಯಾರ್ ನಂಬ್ತಾರೆ? ನನ್ ಕೈಯಾಗಿದ್ರೆ ರೆಕಾರ್ಡು. ಗಂಟೆ ಒಳಗೆ ಬಾ, ಮೈಕಿನಾಗೆ ನಿನ್ ಹೆಸ್ರು ಮೂರ್ ಸಲ ಕೂಗ್ತೀನಿ.”

ಮೈಕು ಎಂದೊಡನೆ ಸಂಗಮೇಶ ಬೆಣ್ಣೆಯಾದ. ಚಳ್ಳಕೆರೆಯಲ್ಲಿ ಶೇಂಗಾ ಮಂಡಿ ಇಟ್ಟುಕೊಂಡು ಮರ್ಯಾದೆಯಿಂದ ಬದುಕಿದ್ದ ಮನುಷ್ಯ. ಸಂಘದ ಹತ್ತು ಕಿಲೋಮೀಟರ್ ಓಟಕ್ಕೆ ವರ್ಷವೂ ಸೇರುತ್ತಿದ್ದ. ವರ್ಷವೂ ಒಂದು ಗಂಟೆಯಾಗಿ ಸ್ವಲ್ಪ ಹೊತ್ತಿಗೆ ಬರುತ್ತಿದ್ದ. ಮಾರ್ಕೆಟ್ಟಿನ ಹಮಾಲರು ಅವನಿಗೆ ‘ಒಂದು ಗಂಟೆ ಸಂಗಮೇಶ’ ಎಂದು ಹೆಸರಿಟ್ಟರು. ಮೊನ್ನೆ ಯಾರದೋ ಮದುವೆಯ ಲಗ್ನಪತ್ರಿಕೆ ಅದೇ ವಿಳಾಸದಲ್ಲಿ ಬಂದಿತ್ತು. ಪೋಸ್ಟ್‌ಮನ್ ಯಾರನ್ನೂ ಕೇಳದೆ ನೇರ ಮನೆಗೆ ತಂದುಕೊಟ್ಟಿದ್ದ. ಆ ಹೆಸರನ್ನು ಇವತ್ತು ಬಳ್ಳಾರಿ ರಸ್ತೆಯಲ್ಲೇ ಹೂತು ಬರಬೇಕೆಂದು ಹೊರಟವನು ವಾಚು ಬಿಚ್ಚಿಕೊಟ್ಟ.

ಎಣ್ಣೆ ಮಿಲ್ಲಿನ ಏಳು ಗಂಟೆಯ ಸೈರನ್ನೇ ಓಟದ ಪಿಸ್ತೂಲು. ಅದು ಕೂಗಿತು, ಎಲ್ಲರೂ ಓಡಿದರು. ಬಳ್ಳಾರಿ ರಸ್ತೆಯಲ್ಲಿ ಐದು ಕಿಲೋಮೀಟರ್ ಹೋಗಿ, ಅಲ್ಲಿಟ್ಟ ಡ್ರಮ್ಮು ಸುತ್ತಿ ವಾಪಸ್ ಬರಬೇಕು.

ಊರು ದಾಟುವಷ್ಟರಲ್ಲಿ ಪಕ್ಕದಲ್ಲಿ ಲೂನಾ ಸದ್ದಾಯಿತು. ಹೊಲಕ್ಕೆ ಹೊರಟಿದ್ದ ದೊಡ್ಡಪ್ಪ ಶಾಂತವೀರಪ್ಪ. ತಮ್ಮನ ಮಗ ಚಡ್ಡಿಯಲ್ಲಿ ಹೆದ್ದಾರಿ ಮೇಲೆ ಓಡುವುದನ್ನು ಕಂಡು ಅವರ ಎದೆ ಧಸಕ್ಕೆಂದಿತ್ತು.

“ಯಾರು ಹೋದ್ರೋ?”

“ಯಾರೂ ಹೋಗಿಲ್ಲ ದೊಡ್ಡಪ್ಪ. ಓಟದ ಪಂದ್ಯ.”

ದೊಡ್ಡಪ್ಪ ಹಿಂದೆ ನೋಡಿದರು, ಮುಂದೆ ನೋಡಿದರು. “ಹಿಂದೆ ಯಾರೂ ಅಟ್ಟಿಸ್ಕಂಡು ಬರ್ತಿಲ್ಲ. ಮುಂದಿರೋರು ನಿನ್ ಕೈಗೆ ಸಿಗಂಗಿಲ್ಲ. ಮತ್ತೆ ಯಾಕ್ ಓಡ್ತೀಯಾ? ಹತ್ತು ಹಿಂದೆ, ಬಿಟ್ ಬರ್ತೀನಿ.”

“ಬ್ಯಾಡ ದೊಡ್ಡಪ್ಪ.”

“ಹಂಗಾರೆ ಕೇಳು. ನಮ್ ಹುಡ್ಗಿ ದೀಪಿಕಾನ ನೋಡಕ್ಕೆ ಗಂಡಿನ ಕಡೆಯೋರು ಬರ್ತಾರೆ...” ಎಂದು ಶುರುಮಾಡಿದ ದೊಡ್ಡಪ್ಪ, ಗಂಡಿನ ಸೋದರಮಾವನವರೆಗೂ ಬಂದರು. ಲೂನಾದ ಹೊಗೆ ಅಷ್ಟೂ ಹೊತ್ತು ಸಂಗಮೇಶನ ಮೂಗಿನಲ್ಲೇ ಇತ್ತು. ಅವನು ಓಡುತ್ತಲೇ ಕೈಮುಗಿದ.

“ನಿಮ್ ಕಾಲಿಗ್ ಬೀಳ್ತೀನಿ, ನಾನು ಓಡೋವಾಗ ನನ್ ಹತ್ರ ಬರ್ಬೇಡ್ರಿ!”

ದೊಡ್ಡಪ್ಪ ಲೂನಾ ನಿಲ್ಲಿಸಿದರು. “ಆತಪ್ಪ. ಇನ್ ನಿನ್ ಸುದ್ದಿಗೆ ಬಂದ್ರೆ ಕೇಳು” ಎಂದು, ಹೊಲದ ದಾರಿ ಬಿಟ್ಟು ಸಿಟ್ಟಿನಲ್ಲಿ ಊರ ಕಡೆಗೇ ತಿರುಗಿಸಿದರು.

ಡ್ರಮ್ಮು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಎದುರಿಗೆ ಮೊಳಕಾಲ್ಮೂರಿನ ಓಬಳೇಶ ಬಂದ. ರೇಷ್ಮೆ ಸೀರೆ ನೇಯುವ ಹುಡುಗ. ಅವನ ಮಗ್ಗದ ಲಾಳಿಗೂ ಅವನಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ, ಆ ತುದಿ ಮುಟ್ಟಿ ಆಗಲೇ ಈ ತುದಿಗೆ ಹೊರಟಿದ್ದ. “ಪರಿಗೆತ್ತಣ್ಣಾ, ಪರಿಗೆತ್ತು!” ಎಂದು ತೆಲುಗಿನಲ್ಲಿ ಓಡಲು ಹುರಿದುಂಬಿಸಿ ಹೋದ. ಸಂಗಮೇಶನಿಗೆ ಉತ್ತರ ಕೊಡುವಷ್ಟು ಉಸಿರಿದ್ದರೆ ಬೈಯುತ್ತಿದ್ದ.

ವಾಪಸ್ ದಾರಿಯಲ್ಲಿ ಕಾಲುಗಳು ಹಗುರವಾಗಿ ಬೀಳುತ್ತಿದ್ದವು. ಈ ಸಲ ಆಗುತ್ತೆ ಎಂದು ಒಳಗಿನಿಂದ ಯಾರೋ ಹೇಳುತ್ತಿದ್ದರು. ಅಷ್ಟರಲ್ಲಿ ಮೊಳಕಾಲ್ಮೂರಿನ ಬಸ್ಸು ಹಿಂದಿನಿಂದ ಬಂದು, ಅವನನ್ನು ದಾಟಿ, ರಸ್ತೆಯ ಅಂಚಿಗೆ ಅಡ್ಡಲಾಗಿ ನಿಂತಿತು.

“ಬರ್ರಿ ಸಾವ್ಕಾರ್ರೇ, ನಿಲ್ಸೀನಿ!” ಮೆಟ್ಟಿಲ ಮೇಲೆ ಜೋತುಬಿದ್ದ ಕಂಡಕ್ಟರ್ ಜುಂಜಣ್ಣ. ಓಡಿ ಬರುವವರನ್ನು ಬಿಟ್ಟು ಬಸ್ಸು ಹೊರಡಿಸಿದ ಪಾಪ ಅವನ ತಲೆ ಮೇಲಿರಲಿಲ್ಲ.

ಸಂಗಮೇಶ ಬಸ್ಸನ್ನು ಸುತ್ತುಹಾಕಿ ಓಡಿದ. “ಪಾಪ, ಬಾಗಿಲು ಕಾಣ್ಲಿಲ್ಲ” ಎಂದಳು ಕಿಟಕಿಯ ಬಳಿಯ ಮುದುಕಿ. ಬಸ್ಸು ಮತ್ತೆ ಮುಂದೆ ಹೋಗಿ ಮತ್ತೆ ನಿಂತಿತು. “ಸೀಟೈತೆ ಬರ್ರಿ!” ಅವನು ಮತ್ತೆ ಸುತ್ತಿದ. ಮೂರನೇ ಸಲ ನಿಂತಾಗ ಸಂಗಮೇಶನ ಸಹನೆ ಹರಿಯಿತು.

“ಲೇ ಜುಂಜಣ್ಣ! ನಾನು ನಿನ್ ಬಸ್ಸಿಗೆ ಓಡ್ತಿಲ್ಲ ಕಣೋ! ಇನ್ ಮ್ಯಾಲೆ ನಾನ್ ಓಡೋದ್ ಕಂಡ್ರೆ ಬಸ್ ನಿಲ್ಲಿಸ್ಲೇಬ್ಯಾಡ. ಹೋಗ್ತಾ ಇರು!”

ಇಡೀ ಬಸ್ಸಿನೆದುರು ಬೈಸಿಕೊಂಡ ಜುಂಜಣ್ಣನ ಮುಖ ಹರಿದ ಟಿಕೆಟ್ಟಿನಂತಾಯಿತು. “ನೆನಪಿಟ್ಕಂತೀನಿ ಸಾವ್ಕಾರ್ರೇ” ಎಂದವನೇ ಸೀಟಿ ಊದಿದ.

ಆಮೇಲಿನ ದಾರಿಯನ್ನು ಸಂಗಮೇಶನ ಕಾಲು ಓಡಲಿಲ್ಲ, ಸಿಟ್ಟು ಓಡಿತು. ಎಂಟರ ಸೈರನ್ನಿಗೆ ಕಿವಿಗೊಟ್ಟೇ ಮೈದಾನಕ್ಕೆ ನುಗ್ಗಿದ. ಕೂಗಿರಲಿಲ್ಲ! ಗೆರೆ ದಾಟಿ ಎರಡೂ ಕೈ ಮೇಲೆತ್ತಿದ. ಶಾಮಿಯಾನದ ಹುಡುಗರು ಕುರ್ಚಿ ಮಡಚುತ್ತಿದ್ದರು. ಓಂಕಾರಮೂರ್ತಿ ಬಾಳೆಹಣ್ಣು ತಿನ್ನುತ್ತಿದ್ದ.

“ಎಷ್ಟಾತು?”

“ಏನೆಷ್ಟು?”

“ನನ್ ಟೈಮೋ!”

“ಫಸ್ಟ್ ಬಂದೋನು ಬಂದಾಗ್ಲೇ ವಾಚ್ ನಿಲ್ಲಿಸ್ದೆ. ಗೆಲ್ಲೋನು ಗೆದ್ದ ಮ್ಯಾಲೆ ಟೈಮ್ ಯಾಕೋ ಹಿಡೀಬೇಕು?”

“ಎಂಟರ ಸೈರನ್ ಇನ್ನೂ ಕೂಗಿಲ್ಲ ಕಣೋ! ಅದಕ್ಕೆ ಮುಂಚೆ ಬಂದೀನಿ! ಗಂಟೆ ಒಳಗೆ!”

“ಕರೆಂಟೇ ಹೋಗೈತೆ, ಸೈರನ್ ಎಲ್ಲಿ ಕೂಗುತ್ತೆ? ನೋಡು, ಮೈಕೂ ಸತ್ತೈತೆ.”

ಸಂಗಮೇಶ ಕೈ ಚಾಚಿದ. “ವಾಚ್ ಕೊಡು.”

ಓಂಕಾರಮೂರ್ತಿ ಬಾಳೆಹಣ್ಣಿನ ಸಿಪ್ಪೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

“ಏನಾತಂದ್ರೆ... ದಾವಣಗೆರೆಯಿಂದ ಕಪ್ ಬರ್ಲಿಲ್ಲ. ಮುಖ್ಯ ಅತಿಥಿಗಳಿಗೋ ಅವಸರ. ಹಾರ ಬಿಡಿಸ್ಬೇಕಿತ್ತು ಅಂತ ವಾಚನ್ನ ಒಂಚೂರು ತಟ್ಟೇಲಿಟ್ಟೆ. ಅವ್ರು ಅದೇ ಪ್ರೈಜ್ ಅನ್ಕಂಡು ಓಬಳೇಶನ ಕೈಗೆ ಕಟ್ಟೇಬಿಟ್ರು.”

“ನಿನ್ ಬಾಯಾಗೇನು ಕಡುಬಿತ್ತಾ?”

“ಜನ ಚಪ್ಪಾಳೆ ತಟ್ತಿದ್ರಲೇ! ಅಂಥಾ ದೊಡ್ಡ ಮನುಷ್ಯರು ಕಟ್ಟಿದ್ದನ್ನ ಬಿಚ್ಚು ಅನ್ನಕ್ಕಾಗುತ್ತಾ? ಆದ್ರೂ ನಿನ್ ಮರ್ಯಾದೆ ಕಳ್ದಿಲ್ಲ. ಪ್ರೈಜಿನ ದಾನಿಗಳು ಅಂತ ನಿನ್ ಹೆಸ್ರೇ ಹೇಳ್ದೆ.”

“ಏನಂತ?”

“ಒಂದು ಗಂಟೆ ಸಂಗಮೇಶ್ ಅಂತ. ಬರೀ ಸಂಗಮೇಶ್ ಅಂದ್ರೆ ಯಾರಿಗ್ ಗೊತ್ತಾಗುತ್ತೆ?”

ಓಬಳೇಶ ಜುಂಜಣ್ಣನ ಬಸ್ಸಿಗೆ ಹೋದನೆಂದು ತಿಳಿದ ಸಂಗಮೇಶ, ನಿಂತ ಕಾಲಲ್ಲೇ ಬಸ್ ಸ್ಟ್ಯಾಂಡಿನತ್ತ ಕಿತ್ತ. ದಾರಿಯಲ್ಲಿ ಟೀ ಅಂಗಡಿ ಮುಂದೆ ದೊಡ್ಡಪ್ಪನ ಲೂನಾ ಕಂಡು ಜೀವ ಬಂದಂತಾಯಿತು.

“ದೊಡ್ಡಪ್ಪಾ! ಲೂನಾ... ಹತ್ತಿಸ್ಕಳ್ರಿ...”

ದೊಡ್ಡಪ್ಪ ಎರಡೂ ಕೈ ಮುಗಿದು ಪಕ್ಕಕ್ಕೆ ಸರಿದರು. “ಬ್ಯಾಡಪ್ಪ. ನೀನು ಓಡೋವಾಗ ನಿನ್ ಹತ್ರ ಬರಲ್ಲ ಅಂದೀನಿ, ಬರಲ್ಲ.” ಸುತ್ತಲಿದ್ದವರಿಗೂ ಕೂಗಿದರು: “ದಾರಿ ಬಿಡ್ರೋ! ಯಾರೂ ಮಾತಾಡಿಸ್ಬೇಡ್ರಿ, ಬೈತಾನೆ!”

ಹಣ್ಣಿನ ತಳ್ಳುಗಾಡಿ ಸರಿಯಿತು, ಆಟೋ ಹಿಂದಕ್ಕೆ ಹೋಯಿತು. ಚಳ್ಳಕೆರೆಯ ಬೀದಿ ಅಷ್ಟು ಖಾಲಿಯಾಗಿ ಯಾರಿಗೂ ದಾರಿ ಬಿಟ್ಟದ್ದಿಲ್ಲ.

ಬಸ್ಸು ಆಗಲೇ ಬಳ್ಳಾರಿ ರಸ್ತೆಗೆ ತಿರುಗುತ್ತಿತ್ತು. ಜುಂಜಣ್ಣನನ್ನು ಕೂಗಲು ಹೋದರೆ “ಜುಂ... ಜುಂ...” ಎಂದಷ್ಟೇ ಹೊರಟಿತು.

“ಯಾರೋ ಓಡಿ ಬರ್ತಾವ್ರೆ, ನಿಲ್ಸಪ್ಪ” ಎಂದರು ಬಸ್ಸಿನವರು.

“ಸುಮ್ನಿರ್ರಿ. ಅವ್ರು ಬಸ್ಸಿಗ್ ಓಡೋರಲ್ಲ. ಒಂದ್ ಸಲ ಬೈಸ್ಕಂಡಿದ್ದು ಸಾಕು. ರೈಟ್!”

ಹಿಂದಿನ ಕಿಟಕಿಯಿಂದ ಓಬಳೇಶ ತಲೆ ಹೊರಹಾಕಿದ. ವಾಚು ದಾನ ಮಾಡಿದ ಸಾಹುಕಾರರು, ಪಂದ್ಯ ಮುಗಿದರೂ ಬಿಡದೆ ಓಡುತ್ತಿದ್ದಾರೆ! ಅವನ ಕಣ್ಣು ತುಂಬಿಬಂತು. ಮಣಿಕಟ್ಟಿನ ಮೇಲಿನ ಗುಂಡಿ ಒತ್ತಿ, ಆ ಕೈಯನ್ನು ಎತ್ತಿ ಹಿಡಿದ.

“ಅಣ್ಣಾ, ಟೈಮ್ ಹಿಡೀತಿದೀನಿ! ಪರಿಗೆತ್ತಣ್ಣಾ!”

ಸಂಗಮೇಶ ಹುಟ್ಟಿದಂದಿನಿಂದ ಅಷ್ಟು ಜೋರಾಗಿ ಓಡಿರಲಿಲ್ಲ. ಎಷ್ಟು ಜೋರು ಎಂಬುದು ಓಬಳೇಶನಿಗೆ ಮಾತ್ರ ಗೊತ್ತಿತ್ತು. ಓಬಳೇಶ ಬಸ್ಸಿನಲ್ಲಿ ಮುಂದಿನ ಊರು ತಳಕಿನ ಕಡೆ ಹೊರಟುಹೋಗಿದ್ದ.

ಸಂಗಮೇಶ ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದು ಕುಳಿತಾಗ ಕರೆಂಟು ಬಂತು. ಮೈದಾನದ ಮೈಕು ಗೊರಗೊರ ಎಂದು ಗಂಟಲು ಸರಿಮಾಡಿಕೊಂಡಿತು. ಓಂಕಾರಮೂರ್ತಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮೂರು ಸಲವೂ ಕೂಗಿದ:

“ಒಂದು ಗಂಟೆ ಸಂಗಮೇಶ್ ಅವರು ಎಲ್ಲಿದ್ದರೂ ವೇದಿಕೆಯ ಹತ್ತಿರ ಬರಬೇಕು. ಮನೆಯಿಂದ ಮಂಜುಳಮ್ಮನವರು ಬಂದಿದ್ದಾರೆ. ವಾಚು ಕೇಳುತ್ತಿದ್ದಾರೆ.”