ಜಾಹೀರಾತಿಗೆ ಪ್ರವೇಶವಿಲ್ಲದ ಮನೆ

ನಮ್ಮ ಸೋದರಮಾವನ ಮನೆಯೊಳಗೆ ಕಳ್ಳ ಬೇಕಾದರೆ ನುಗ್ಗಬಹುದು, ಜಾಹೀರಾತು ಮಾತ್ರ ನುಗ್ಗುವಂತಿಲ್ಲ! ತುಮಕೂರಿನ ಸದಾಶಿವನಗರದಲ್ಲಿ ಅಂಥ ಮನೆ ಇನ್ನೊಂದಿದ್ದರೆ ತೋರಿಸಿ, ಮೀಸೆ ಬೋಳಿಸಿಕೊಳ್ಳುತ್ತೇನೆ.

ಮಾವ ಸರ್ವಿಸೆಲ್ಲ ಚೆಕ್‌ಪೋಸ್ಟಿನಲ್ಲಿ ಲಾರಿ ತಡೆದವರು. ನಿವೃತ್ತಿಯಾದ ಮೇಲೆ ತಡೆಯಲು ಏನೂ ಸಿಗದೆ ಕೈ ತುರಿಸಿತೋ ಏನೋ, ವೈಫೈ ಪಕ್ಕದಲ್ಲಿ ಸೋಪಿನ ಡಬ್ಬಿಯಷ್ಟು ಗಾತ್ರದ ಕಂಪ್ಯೂಟರೊಂದನ್ನು ಪ್ರತಿಷ್ಠಾಪಿಸಿದರು. ಮನೆಯಲ್ಲಿ ಯಾರ ಫೋನು ಏನನ್ನೇ ತರಿಸಿಕೊಳ್ಳಲಿ, ಆ ಡಬ್ಬಿಯ ಅಪ್ಪಣೆಯಾಗಬೇಕು. ಜಾಹೀರಾತಿನ ವಿಳಾಸಕ್ಕೆ ಅಪ್ಪಣೆಯಿಲ್ಲ. ಅಷ್ಟಕ್ಕೇ ಬಿಟ್ಟರೆ ಅವರು ನಮ್ಮ ಮಾವ ಹೇಗಾದಾರು? ತಾವೇ ಕಲಿತು ಒಂದು ಸ್ಕ್ರಿಪ್ಟ್ ಬರೆದರು. ತಡೆದದ್ದೆಲ್ಲ ಹಜಾರದ ಕಪ್ಪು ಪರದೆಯ ಮೇಲೆ ಕೆಂಪು ಸಾಲಾಗಿ ಇಳಿಯುತ್ತದೆ, ಯಾರ ಫೋನಿನದೆಂಬ ವಿವರದ ಸಮೇತ. ಗುರುತಿಲ್ಲದ ಹೊಸ ವಿಳಾಸವಾದರೆ ಹಳದಿ ಸಾಲು, ಯಾರೂ ತಡೆಯದಿದ್ದರೆ ಒಳಗೆ ನುಗ್ಗಿಬಿಡುತ್ತದೆ. ಮಾವ ಬಟನ್ ಒತ್ತಿದರೆ ಅದೂ ಕೆಂಪು! ಇದಕ್ಕಾಗಿ ಅವರು ಬೆಳಗಿನ ಕಾಫಿಯಾದದ್ದೇ ಪರದೆಯ ಮುಂದೆ, ಲಿಂಗಪೂಜೆಗೆ ಕೂತಷ್ಟೇ ನಿಷ್ಠೆಯಿಂದ ಕೂತುಬಿಡುತ್ತಾರೆ.

ಒಮ್ಮೆ ಕುಣಿಗಲ್ಲಿನಿಂದ ಬೀಗರು ಬಂದರು. ಮಗಳನ್ನು ಕೊಟ್ಟ ಮನೆಯ ಹಿರಿಯರು. ತಲೆಯ ಮೇಲಿನ ಪೇಟವನ್ನು ಊಟಕ್ಕೂ ಇಳಿಸದ ಗಂಭೀರರು. ಎಲೆಗೆ ಹೋಳಿಗೆ ಬಿದ್ದ ಮುಹೂರ್ತಕ್ಕೆ ಸರಿಯಾಗಿ ಹಜಾರದಿಂದ ಮಾವನ ಘೋಷಣೆ ಮೊಳಗಿತು.

"ಬೀಗ್ರೆ, ನಿಮ್ ಫೋನಿಗೆ ಕೂದ್ಲು ಬೆಳೆಸೋ ಎಣ್ಣೆಯೋನು ಬಂದಿದ್ದ. ಬಾಗಿಲಲ್ಲೇ ತಡ್ದು ವಾಪಸ್ ಕಳ್ಸಿದೀನಿ!"

ಬೀಗರ ಕೈ ಹೋಳಿಗೆಯನ್ನು ಬಿಟ್ಟು ಪೇಟಕ್ಕೆ ಹೋಯಿತು. ಊಟ ಮುಗಿಯುವವರೆಗೂ ಅಲ್ಲೇ ಇತ್ತು.

ಹೊರಗಿನವರ ಕಥೆ ಹೀಗಾದರೆ, ಡಬ್ಬಿಯ ಪರಮಶತ್ರು ಮನೆಯೊಳಗೇ ಇದ್ದರು. ನಮ್ಮತ್ತೆ.

"ಏನ್ರೀ, ಬೀದೀಗೆಲ್ಲ ಸೀರೆ ಆಫರ್ ಕಾಣ್ತದೆ. ನಮ್ಮನೇಲಿ ಮಾತ್ರ ಒತ್ತಿದ್ರೆ ತೆಗ್ಯೋದೇ ಇಲ್ವಲ್ಲ!"

"ಸೀರೆ ಬೇಕಾದ್ರೆ ನೀನು ಅಂಗಡೀಗ್ ಹೋಗು. ಅಂಗಡಿ ನಮ್ಮನೇಗ್ ಬರೋದ್ ಬೇಡ."

"ಮಗಳು ಹೆರಿಗೇಗ್ ಬರ್ತಾಳೆ. ಅಷ್ಟ್ರೊಳ್ಗೆ ಈ ಡಬ್ಬಿ ಹೋಗ್ಬೇಕು. ಇಲ್ದಿದ್ರೆ ನಾನೇ ಕಿತ್ತೆಸೀತೀನಿ."

"ಕಿತ್ತು ನೋಡು! ನಾನಿರೋವರ್ಗೂ ಅದೂ ಇರ್ತದೆ."

ಇಬ್ಬರೂ ನ್ಯಾಯಕ್ಕೆ ನನ್ನ ಮುಖ ನೋಡಿದರು. ನಾನು ಕಾಫಿ ಕುಡಿದು ವಿಚಾರಣೆಯನ್ನು ಮುಂದೂಡಿದೆ.

ಮಗಳು ಬಂದಳು. ಡಬ್ಬಿ ಜಗ್ಗಲಿಲ್ಲ, ಅತ್ತೆಯ ಶಪಥವೂ ಜಗ್ಗಲಿಲ್ಲ. ಹೆರಿಗೆಯಾಯಿತು. ಮಗು ಉಳಿಯಲಿಲ್ಲ.

ಆಮೇಲೆ ನಾನು ಹೋದಾಗ ಅವಳು ಒಳಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿ ಫೋನ್ ನೋಡುತ್ತಿದ್ದಳು. ಹಜಾರದಲ್ಲಿ ಮಾವ ಎಂದಿನಂತೆ ಪರದೆಯ ಮುಂದೆ. ಇಂಥ ಹೊತ್ತಿನಲ್ಲೂ ಈ ಹಟವೇ? ಅತ್ತೆಗೆ ಒಂದು ಕಿರಿಕಿರಿಯಾದರೂ ತಪ್ಪಲಿ ಎಂದು ನಾನು ಡಬ್ಬಿಯ ತಂತಿ ಕೀಳಲು ಕೈ ಹಾಕಿದೆ.

ಅತ್ತೆ ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು.

"ಮುಟ್ಬೇಡ ಕಣೋ."

ಪರದೆಯ ಕಡೆ ತೋರಿಸಿದರು. ಎಲ್ಲ ಸಾಲುಗಳೂ ಮಗಳ ಫೋನಿನವು. ತೊಟ್ಟಿಲಿನ ಅಂಗಡಿ. ಕುಲಾವಿಯ ಅಂಗಡಿ. ಮತ್ತೆ ತೊಟ್ಟಿಲಿನ ಅಂಗಡಿ.

"ಹುಟ್ಟೋಕ್ ಮುಂಚೆ ಮನೇಗ್ ತೊಟ್ಲು ತರಬಾರ್ದು ಅಂತ ನಾನೇ ಅಂದಿದ್ದೆ," ಅತ್ತೆ ಪಿಸುಗುಟ್ಟಿದರು. "ಅದಕ್ಕೇ ಪಾಪ, ದಿನಾ ಫೋನಲ್ಲೇ ಒಂದೊಂದು ನೋಡ್ಕೊಂಡು ಆಸೆ ತೀರಿಸ್ಕೊಂತಿದ್ಲು. ಈಗ ಅವೆಲ್ಲ ಇವಳನ್ನ ಹುಡುಕ್ಕೊಂಡ್ ಬರ್ತವೆ."

ಮಾವ ತಿರುಗಿ ನೋಡಲಿಲ್ಲ. ಹಳದಿ ಸಾಲೊಂದು ಇಳಿಯಿತು. ಕೆಂಪಾಯಿತು.

ಅತ್ತೆ ಕುರ್ಚಿ ಎಳೆದು ಅವರ ಪಕ್ಕ ಕೂತು ಕನ್ನಡಕ ಏರಿಸಿಕೊಂಡರು.

"ಹಳದಿಗೆ ಇದೇ ಬಟನ್ ತಾನೆ? ನೀವೆದ್ದು ಎರಡ್ ತುತ್ತು ಉಂಡ್ ಬನ್ನಿ, ಹೋಗಿ. ಅದೆಷ್ಟ್ ಬರ್ತವೋ ಬರ್ಲಿ, ನಾನೂ ನೋಡ್ತೀನಿ."